ಕಪ್ಪಿನ ಚರಿತ್ರೆ, ಗೆರೆಯ ಚರಿತ್ರೆ

1

ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕು ಊರಿನ ಗಂಡಸರ ಹ್ಯಾಂಡ್‌ಬಾಲ್ ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿತು. ಬೆಳ್ಳಿಹಬ್ಬ ಮಾಡಬೇಕು, ಒಂದು ಸ್ಮರಣ ಸಂಚಿಕೆ ತರಬೇಕು ಎಂದು ಸಮಿತಿ ತೀರ್ಮಾನಿಸಿತು. ‘ನೀ ಬರಿಯೋ ಮನಶ್ಯಾ, ಸಣ್ಣಾಂವ ಇದ್ದಾಗಿಂದ ನಮ್ಮ ಗ್ರೌಂಡಿನ್ಯಾಗ ಬಿದ್ದು ಎದ್ದಾಂವ. ಕ್ಲಬ್ಬು ನಡದು ಬಂದ ದಾರಿ ಅಂತ ಒಂದ್ ಹತ್ತು ಪಾನ ಬರಕೊಡು’ ಎಂದು ಹಿರಿಯರೊಬ್ಬರು ಹೇಳಿಕಳಿಸಿದರು. ನನಗೂ ಸಂತೋಷವಾಯಿತು. ಕೇರಿಯವನೊಬ್ಬನ ಕೈಯಿಂದ ಊರಿನ ಚರಿತ್ರೆ ಬರೆಸುತ್ತಿದ್ದಾರಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಒಂದು ಫೈಲು ಮತ್ತು ಗಾಜಿನ ಕಪಾಟಿನ ಕೀಲಿ ಕೊಟ್ಟರು. ಕಪಾಟಿನ ತುಂಬ ಕಪ್ಪುಗಳು, ಶೀಲ್ಡುಗಳು. ಫೈಲಿನಲ್ಲಿ ಯಾವ ವರ್ಷ ಯಾವ ಊರಲ್ಲಿ ಗೆದ್ದರು, ನಾಯಕ ಯಾರು, ಬಹುಮಾನ ಕೊಟ್ಟ ಮಾನ್ಯರು ಯಾರು ಎಂಬ ಪಟ್ಟಿ. ಜೊತೆಗೆ ಗುಂಪಿನ ಫೋಟೋಗಳು. ಪ್ರತಿ ಫೋಟೋದ ಕೆಳಗೆ ‘ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ’. ಎರಡು ದಿನ ಕೂತು ಎಲ್ಲವನ್ನೂ ನೋಡಿದೆ. ಕುಳಿತವರಲ್ಲೂ ನಿಂತವರಲ್ಲೂ ಇಲ್ಲದ ಒಬ್ಬ ಮನುಷ್ಯ ನನ್ನ ತಲೆಯೊಳಗೆ ನಿಂತುಬಿಟ್ಟ.

ಅವನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ನಮ್ಮ ಕೇರಿಯವನೇ. ಹೈಸ್ಕೂಲಿನ ಮೈದಾನದ ಕಸ ಹೊಡೆಯುವ ದಿನಗೂಲಿ. 1982ರ ದಿಲ್ಲಿ ಏಷ್ಯಾಡ್‌ನಲ್ಲಿ ಹ್ಯಾಂಡ್‌ಬಾಲ್ ಮೊದಲ ಸಲ ಸೇರಿಕೊಂಡಿತ್ತು. ಅದಾದ ಮೇಲೆ ನಮ್ಮ ಡ್ರಿಲ್ ಮಾಸ್ತರರು ಯಾವುದೋ ಶಿಬಿರಕ್ಕೆ ಹೋಗಿ ಬಂದು, ಒಂದು ಚೆಂಡು ಮತ್ತು ಒಂದು ನಿಯಮದ ಪುಸ್ತಕ ತಂದರು. ಪುಸ್ತಕವನ್ನು ಅವರು ಓದಿ ಹೇಳಿದರು; ಅದನ್ನು ನೆಲದ ಮೇಲೆ ಬರೆದವನು ಕಾಕಾ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಇದೇನೋ ಸುಲಭ. ಗೋಲಿನ ಮುಂದಿನ ಆರು ಮೀಟರಿನ ಗೆರೆ ಸುಲಭವಲ್ಲ, ಅದು ಪೂರ್ತಿ ವೃತ್ತವೂ ಅಲ್ಲ, ಸರಳರೇಖೆಯೂ ಅಲ್ಲ. ಒಂದೊಂದು ಕಂಬದ ಬುಡಕ್ಕೂ ಹಗ್ಗ ಹಿಡಿದು ಕಾಲು ವೃತ್ತ ಎಳೆಯಬೇಕು, ಆಮೇಲೆ ಎರಡನ್ನೂ ಮೂರು ಮೀಟರಿನ ನೇರ ಗೆರೆಯಿಂದ ಕೂಡಿಸಬೇಕು. ಅಕ್ಷರ ಬಾರದ ಕಾಕಾ ಇದನ್ನು ಒಂದೇ ಸಲಕ್ಕೆ ಹಿಡಿದ. ನಮ್ಮ ಚಿಗವ್ವ, ಅಂದರೆ ಅವನ ಹೆಂಡತಿ, ಸುಣ್ಣದ ಪುಡಿಯನ್ನು ಜರಡಿ ಹಿಡಿದು ಕೊಡುತ್ತಿದ್ದಳು. ಪ್ರತಿ ಮಳೆಗೂ ಗೆರೆ ಅಳಿಸುತ್ತಿತ್ತು, ಪ್ರತಿ ಮಳೆಗೂ ಮತ್ತೆ ಎಳೆಯುತ್ತಿದ್ದ.

ಇಷ್ಟೇ ಆಗಿದ್ದರೆ ಅವನನ್ನು ಕೆಲಸದಾಳು ಎಂದು ಬಿಡಬಹುದಿತ್ತು. ಆದರೆ ಗೋಲ್‌ಕೀಪರ್ ಬಾರದ ಸಂಜೆಗಳಲ್ಲಿ ‘ಕಾಕಾ, ಹೋಗಿ ನಿಂದ್ರು’ ಎನ್ನುತ್ತಿದ್ದರು. ಅವನು ನಿಲ್ಲುತ್ತಿದ್ದ. ಆರು ಮೀಟರಿನಿಂದ ಹಾರಿ ಬೀಸಿದ ಚೆಂಡನ್ನು ಎದೆ, ಮೊಣಕಾಲು, ಮುಖ ಕೊಟ್ಟು ತಡೆಯುತ್ತಿದ್ದ. ನಮ್ಮೂರಿನ ಒಳ್ಳೆಯ ಶೂಟರುಗಳೆಲ್ಲ ಕೈ ಪಳಗಿಸಿಕೊಂಡದ್ದು ಆ ಮೈಯ ಮೇಲೆ. ಪಂದ್ಯದ ದಿನ ಮಾತ್ರ ಅವನು ಗೆರೆಯ ಹೊರಗೆ. ಪಂದ್ಯ ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಎಲ್ಲರಿಗೂ ಚಹಾ. ಆಟಗಾರರಿಗೆ ಒಳಗೆ ಬೆಂಚು, ಕಪ್ಪು ಬಸಿ. ಕಾಕಾನಿಗೆ ಹೊರಗಿನ ಕಟ್ಟೆಯ ಮೇಲೆ ಬೇರೆ ಗ್ಲಾಸು. ಕುಡಿದ ಮೇಲೆ ತಾನೇ ತೊಳೆದು ಬೋರಲು ಹಾಕಬೇಕು.

ಇದನ್ನೆಲ್ಲ ಒಂದೂವರೆ ಪುಟದಷ್ಟು ಬರೆದೆ. ಸಂಚಿಕೆ ಬಂದಾಗ ಆ ಒಂದೂವರೆ ಪುಟ ಇರಲಿಲ್ಲ. ಅದೇ ಜಾಗದಲ್ಲಿ ಜಾಹೀರಾತು ಇತ್ತು. ಕೇಳಿದ್ದಕ್ಕೆ ಮೊದಲು ‘ಜಾಗಾ ಸಾಲಲಿಲ್ಲ’ ಎಂದರು. ಇನ್ನೊಮ್ಮೆ ಕೇಳಿದಾಗ ನಿಜವಾದ ಉತ್ತರ ಬಂತು: ‘ಆಟದಾಗ ಜಾತಿ ಯಾಕ ತರತಿ?’

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೇಳಿದವರು ಕೆಟ್ಟವರಲ್ಲ, ನನಗೆ ಚೆಂಡು ಹಿಡಿಯಲು ಕಲಿಸಿದವರೇ. ಆಟದೊಳಗೆ ಜಾತಿಯನ್ನು ನಾನು ತಂದೆನೇ, ಅಥವಾ ಮೊದಲೇ ಅಲ್ಲಿದ್ದದ್ದನ್ನು ಬರೆದೆನೇ? ಉತ್ತರ ನಮ್ಮ ಕ್ಲಬ್ಬಿನ ಫೈಲಿನಲ್ಲಿ ಸಿಗುವುದಿಲ್ಲ. ನಮಗಿಂತ ನೂರು ವರ್ಷ ಹಿಂದಿನ, ದಾಖಲೆ ಉಳಿದಿರುವ ಇನ್ನೊಂದು ಕ್ಲಬ್ಬಿನ ಹತ್ತಿರ ಹೋಗಬೇಕಾಗುತ್ತದೆ. ಅಲ್ಲಿಯೂ ಒಬ್ಬ ನೆಲ ಹದ ಮಾಡುವವನಿದ್ದಾನೆ, ಅಲ್ಲಿಯೂ ಒಂದು ಬೇರೆ ಕಪ್ಪಿದೆ. ಆ ಮನುಷ್ಯ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

2

ಪಾಲ್ವಣಕರ ಬಾಳೂ ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ. ಮನೆತನದ ಮೂಲ ಕೊಂಕಣದ ಪಾಲ್ವಣ, ಜಾತಿ ಚಮ್ಮಾರ. ತಂದೆ ಸೈನ್ಯದ ಚಾಕರಿಯವನು. ಅಸ್ಪೃಶ್ಯರಿಗೆ ಊರು ಮುಚ್ಚಿದ ಬಾಗಿಲನ್ನು ದಂಡು ಅರ್ಧ ತೆರೆದಿತ್ತು ಎಂಬುದನ್ನು ಮರೆಯಬಾರದು. ಅಂಬೇಡ್ಕರರ ತಂದೆಯೂ ಆ ಅರ್ಧ ಬಾಗಿಲಿನಿಂದಲೇ ಬಂದವರು. ಪುಣೆಯ ದಂಡಿನಲ್ಲಿ ಅಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಕ್ರಿಕೆಟ್ ಕಲಿತರು.

ಬಾಳೂವಿನ ಮೊದಲ ನೌಕರಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ: ಕಸ ಹೊಡೆಯುವುದು, ಪಿಚ್ಚಿಗೆ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದಾಗ ಸಂಬಳ 4 ರೂಪಾಯಿ ಆಯಿತು. ರೋಲರ್ ಎಳೆಯುವುದರ ಜೊತೆಗೆ ಗೆರೆ ಹಾಕುವುದು, ನೆಟ್ ಕಟ್ಟುವುದು ಸೇರಿಕೊಂಡವು. ಬಿಳಿಯರು ಅಭ್ಯಾಸ ಮಾಡುವಾಗ ಬೌಲ್ ಮಾಡಲು ಯಾರಾದರೂ ಬೇಕಲ್ಲ. ಹಾಗೆ ಎಡಗೈಯಲ್ಲಿ ಬೌಲ್ ಮಾಡತೊಡಗಿದ. ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಜೆ. ಜಿ. ಗ್ರೆಗ್ ಗಂಟೆಗಟ್ಟಲೆ ಬಾಳೂವಿನ ಬೌಲಿಂಗನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದ. ಒಮ್ಮೆ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಬಾಳೂವಿನ ಕೈಗೆ ಬ್ಯಾಟು ಮಾತ್ರ ಒಂದು ದಿನವೂ ಬರಲಿಲ್ಲ. ಬ್ಯಾಟು ಬೀಸುವುದು ದೊರೆಗಳ ಕೆಲಸ, ಬೌಲ್ ಮಾಡುವುದು ಮೈಮುರಿಯುವ ಕೆಲಸ. ವಸಾಹತುಶಾಹಿ ಮತ್ತು ವರ್ಣವ್ಯವಸ್ಥೆ ಎಷ್ಟು ಸಲೀಸಾಗಿ ಒಂದರ ಭಾಷೆಯನ್ನು ಇನ್ನೊಂದು ಅರ್ಥ ಮಾಡಿಕೊಂಡವು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನನ್ನ ಕಣ್ಣ ಮುಂದೆ ಕಾಕಾ ಬರುತ್ತಾನೆ. ಗ್ರೆಗ್‌ನ ಬ್ಯಾಟು ಪಳಗಿದ್ದು ಬಾಳೂವಿನ ಚೆಂಡಿನಿಂದ. ನಮ್ಮೂರ ಶೂಟರುಗಳ ಕೈ ಪಳಗಿದ್ದು ಕಾಕಾನ ಮೈಯಿಂದ. ಕ್ಲಬ್ಬುಗಳ ಚರಿತ್ರೆಯಲ್ಲಿ ಇದನ್ನು ‘ಅಭ್ಯಾಸ’ ಎಂದು ಕರೆಯುತ್ತಾರೆ, ಯಾರ ಮೇಲೆ ಅಭ್ಯಾಸ ಎಂದು ಬರೆಯುವುದಿಲ್ಲ.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಬಿಳಿಯರನ್ನು ಸೋಲಿಸುವ ಆಸೆ ಇತ್ತು. ಬಾಳೂ ಇಲ್ಲದೆ ಅದು ಆಗುವಂತಿರಲಿಲ್ಲ. ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಸದಸ್ಯರಲ್ಲಿ ಜಗಳವಾಯಿತು. ಬೇಡವೆಂದವರಲ್ಲಿ ಬ್ರಾಹ್ಮಣರಿದ್ದರು, ಬೇಕೆಂದವರೂ ಇದ್ದರು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಆ ಚೆಂಡಾದರೂ ಏನು? ಚರ್ಮ. ಅಸ್ಪೃಶ್ಯರ ಕುಲಕಸುಬಿನ ಚರ್ಮ. ಅದನ್ನು ಹಿಡಿದು ಬ್ರಾಹ್ಮಣ ಹುಡುಗ ಪ್ಯಾಂಟಿಗೆ ಉಜ್ಜಿ ಹೊಳಪು ತರುತ್ತಿದ್ದ, ಮೈಲಿಗೆ ಆಗುತ್ತಿರಲಿಲ್ಲ. ಚಹಾದ ಹೊತ್ತಿಗೆ ಮೈಲಿಗೆ ಮತ್ತೆ ಹಾಜರು. ಉಳಿದವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪು; ಬಾಳೂವಿಗೆ ಹೊರಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಲು ನೀರು ತಂದುಕೊಡುವವನೂ ಒಬ್ಬ ಅಸ್ಪೃಶ್ಯ ಆಳು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಕನ್ನಡದಲ್ಲಿ ಗೆದ್ದು ತರುವುದಕ್ಕೂ ಚಹಾ ಕುಡಿಯುವುದಕ್ಕೂ ‘ಕಪ್ಪು’ ಎಂದೇ ಹೇಳುತ್ತೇವೆ. ಕ್ಲಬ್ಬುಗಳು ಬರೆದುಕೊಳ್ಳುವ ಚರಿತ್ರೆ ಮೊದಲನೆಯ ಕಪ್ಪಿನದು. ದಲಿತ ವಿಮರ್ಶೆ ಕೇಳಬೇಕಾದದ್ದು ಎರಡನೆಯದನ್ನು. ಎರಡೂ ಒಂದೇ ಮೈದಾನದಲ್ಲಿ, ಒಂದೇ ದಿನ, ಒಬ್ಬನೇ ಮನುಷ್ಯನಿಗೆ ಸಂಬಂಧಿಸಿದ್ದವು. ಒಂದನ್ನು ಕಪಾಟಿನಲ್ಲಿಟ್ಟರು, ಇನ್ನೊಂದನ್ನು ಒಡೆದು ಎಸೆದರು.

ಸಾತಾರಾದಂಥ ಸಣ್ಣ ಊರಿನಲ್ಲಿಯೂ ಆಗ ಬಿಳಿಯರ ಜಿಮಖಾನಾ ಇತ್ತು. ಅಲ್ಲಿ ಆಡಲು ಹೋದಾಗ ಬಾಳೂವಿನ ಬೌಲಿಂಗಿನ ಹಲ್ಲು ಕೀಳಲೆಂದು ಪಿಚ್ಚನ್ನು ದಿನಗಟ್ಟಲೆ ರೋಲ್ ಮಾಡಿಸಿದ್ದರಂತೆ. ಆದರೂ ಏಳು ವಿಕೆಟ್ ಬಿದ್ದವು. ರೋಲರ್ ಎಳೆದು ಬದುಕಿದವನಿಗೆ ರೋಲರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಗೊತ್ತಿತ್ತು. ಪುಣೆಗೆ ಮರಳಿದಾಗ ಸನ್ಮಾನವಾಯಿತು. ನ್ಯಾಯಮೂರ್ತಿ ರಾನಡೆ ಸಾರ್ವಜನಿಕವಾಗಿ ಬಾಳೂವಿಗೆ ಹಾರ ಹಾಕಿದರು. ಆ ಹಾರವನ್ನು ನಾನು ಹಗುರಮಾಡುವುದಿಲ್ಲ. ಆ ಕಾಲಕ್ಕೆ ಅದು ಧೈರ್ಯವೇ. ಆದರೆ ಹಾರ ಬಿದ್ದದ್ದು ಏಳು ವಿಕೆಟ್ಟಿಗೆ. ಏಳು ವಿಕೆಟ್ ಕೀಳಲಾರದ ಸಾವಿರಾರು ಬಾಳೂಗಳ ಕೊರಳಿಗೆ ಏನು ಬಿತ್ತು?

3

1896ರ ಹೊತ್ತಿಗೆ ಪ್ಲೇಗು ಬಂತು, ಬಾಳೂ ಮುಂಬೈಗೆ ಹೋದ. ಮುಂಬೈಯ ಕ್ಲಬ್ಬುಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 1875ರಲ್ಲಿ ಹುಟ್ಟಿದ ಬಾಂಬೆ ಜಿಮಖಾನಾ ಬಿಳಿಯರಿಗೆ ಮಾತ್ರ. 1885ರಲ್ಲಿ ಪಾರ್ಸಿಗಳಿಗೆ ಬೇರೆ, 1892ರಲ್ಲಿ ಮುಸ್ಲಿಮರಿಗೆ ಬೇರೆ, 1894ರಲ್ಲಿ ಹಿಂದೂಗಳಿಗೆ ಬೇರೆ ಜಿಮಖಾನಾಗಳಾದವು. ಒಂದೇ ಕಡಲ ದಂಡೆಯಲ್ಲಿ ಮೂರು ಅಂಗಳ, ಮೂರು ಬೇಲಿ. ಕ್ಲಬ್ಬು ಎಂದರೆ ಒಟ್ಟು ಸೇರುವ ಜಾಗ ಎಂದು ನಿಘಂಟು ಹೇಳಬಹುದು. ಚರಿತ್ರೆಯಲ್ಲಿ ಅದು ಯಾರು ಸೇರಬಾರದೆಂದು ನಿರ್ಧರಿಸುವ ಜಾಗ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಧರ್ಮದ ಹೆಸರಿನಲ್ಲಿ ತಂಡ ಕಟ್ಟಿದ ಕೂಡಲೇ ‘ಹಿಂದೂ’ ಎಂದರೆ ಯಾರು ಎಂಬ ಪ್ರಶ್ನೆ ಏಳಲೇಬೇಕಾಯಿತು. ಬಿಳಿಯರ ವಿರುದ್ಧ ಬೌಲ್ ಮಾಡುವಾಗ ಬಾಳೂ ಹಿಂದೂ. ಊಟದ ಮೇಜಿನಲ್ಲಿ?

ಇಲ್ಲಿ ಮುಂಬೈ ಪುಣೆಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಹಿಂದೂ ಜಿಮಖಾನಾ ಬಾಳೂವನ್ನು ತಂಡದ ಜೊತೆ ಕೂತು ಉಣ್ಣಲು ಬಿಟ್ಟಿತು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್ನುಗಳದು. ಬಾಳೂವಿಗೆ ಎಂಟು ವಿಕೆಟ್. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. ಬಂಗಾಳದ ವಿಭಜನೆಯಾಗಿ, ಸ್ವದೇಶಿ ಚಳವಳಿ ಕಾವೇರಿದ್ದ ಹೊತ್ತು ಅದು. ಊಟದ ಮೇಜಿನ ಈ ಬದಲಾವಣೆಯನ್ನು ಸುಧಾರಕರ ಪತ್ರಿಕೆಗಳು ಕೊಂಡಾಡಿದವು. ಮರುವರ್ಷವೂ ಹಿಂದೂಗಳೇ ಗೆದ್ದರು.

1911ರಲ್ಲಿ ಪಟಿಯಾಲಾದ ಮಹಾರಾಜನ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೋಯಿತು. 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಆ ಸೋಲಿನ ನಡುವೆ ಬಾಳೂ ಒಬ್ಬನೇ 18.84ರ ಸರಾಸರಿಯಲ್ಲಿ 114 ವಿಕೆಟ್ ಕಿತ್ತ. ಈ ಅಂಕಿಗಳನ್ನು ಕೊಡುವುದಕ್ಕೆ ಕಾರಣವಿದೆ. ಸ್ಕೋರ್ ಪುಸ್ತಕ ವಿಚಿತ್ರವಾದ ಸಾಕ್ಷಿ. ಪೆವಿಲಿಯನ್ನಿನ ಒಳಗೆ ಬರದವನ ಹೆಸರೂ ಅದರೊಳಗೆ ಬರುತ್ತದೆ. ಬರೆಯದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಬಾಳೂ ಚರಿತ್ರೆಯಲ್ಲಿ ಉಳಿದದ್ದು ಯಾರ ಔದಾರ್ಯದಿಂದಲೂ ಅಲ್ಲ, ಈ ಲೆಕ್ಕದಿಂದ. ಆದರೆ ಅದೇ ಪುಸ್ತಕದಲ್ಲಿ ರೋಲರ್ ಎಳೆದವನಿಗೆ ಅಂಕಣವಿಲ್ಲ. ಬಾಳೂ ಬರೀ ಪೂನಾ ಕ್ಲಬ್ಬಿನ ಆಳಾಗಿಯೇ ಉಳಿದಿದ್ದರೆ ಇವತ್ತು ನಮಗೆ ಅವನ ಹೆಸರೂ ಗೊತ್ತಿರುತ್ತಿರಲಿಲ್ಲ. ಹ್ಯಾಂಡ್‌ಬಾಲಿನ ಸ್ಕೋರ್ ಹಾಳೆಯಲ್ಲಿ ಕಾಕಾನ ಹೆಸರು ಇಲ್ಲದಿರುವುದು ಹೀಗೆಯೇ.

ಇಷ್ಟೆಲ್ಲ ಆದರೂ ನಾಯಕತ್ವ ಬರಲಿಲ್ಲ. ಹಿಂದೂ ತಂಡದ ನಾಯಕ ಎಂ. ಡಿ. ಪೈ, ಈ ಗೌರವ ತನಗಿಂತ ಹಿರಿಯನಾದ ಬಾಳೂವಿಗೆ ಸಲ್ಲಬೇಕಿತ್ತೆಂದು 1913ರ ಸುಮಾರಿಗೇ ಸಭೆಯಲ್ಲಿ ಹೇಳಿದ್ದರು. ಆಡಳಿತ ನಡೆಸುವವರು ಕೇಳಲಿಲ್ಲ. 1920ರಲ್ಲಿ ಪೈ ಕಾಯಿಲೆ ಬಿದ್ದಾಗ ನಾಯಕತ್ವ ಪುಣೆಯ ಡಿ. ಬಿ. ದೇವಧರ ಅವರಿಗೆ ಹೋಯಿತು. ಬಾಳೂವನ್ನು ತಂಡದಿಂದಲೇ ಬಿಟ್ಟರು. ಆಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹೊರಬಂದು, ಇದು ಜಾತಿಯ ಕಾರಣಕ್ಕೆ ಆದ ಅನ್ಯಾಯವೆಂದು ಬಹಿರಂಗ ಹೇಳಿಕೆ ಕೊಟ್ಟರು. ಗದ್ದಲವಾಯಿತು. ಪೈ ಮರಳಿ ಬಂದರು, ಬಾಳೂ ಉಪನಾಯಕನಾದ. ಮುಂದೆ 1923ರಲ್ಲಿ ವಿಠ್ಠಲನೇ ನಾಯಕ. ಆ ವರ್ಷ ಹಿಂದೂಗಳು ಗೆದ್ದರು. 1925ರಲ್ಲಿ, 1926ರಲ್ಲಿ ಮತ್ತೆ ಗೆದ್ದರು. ಮೇಲುಜಾತಿಯ ಹುಡುಗರು ವಿಠ್ಠಲನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ನಮ್ಮ ಬೆಳ್ಳಿಹಬ್ಬದ ಸಮಿತಿಗೆ ನಾನು ಹೇಳಬೇಕೆಂದಿರುವುದು ಇದು. ಆಟದೊಳಗಿನ ಜಾತಿಯನ್ನು ಹೊರಗೆಳೆದು ಮಾತಾಡಿದವರು ಶಿವರಾಮ ಮತ್ತು ವಿಠ್ಠಲ. ‘ಆಟದಾಗ ಜಾತಿ ಯಾಕ ತರತೀರಿ’ ಎಂದು ಅವರು ಬಾಯಿ ಮುಚ್ಚಿಕೊಂಡಿದ್ದರೆ 1923 ಬರುತ್ತಿರಲಿಲ್ಲ. ಜಾತಿಯ ಹೆಸರೆತ್ತಿದ್ದರಿಂದ ಆಟ ಕೆಡಲಿಲ್ಲ, ಸುಧಾರಿಸಿತು.

4

ಇಲ್ಲಿಗೇ ನಿಲ್ಲಿಸಿದರೆ ಚಂದದ ಕತೆ. ಪಾಠಪುಸ್ತಕಕ್ಕೆ ಹಾಕಬಹುದು. ಆದರೆ ದಲಿತ ವಿಮರ್ಶೆಗೆ ಚಂದದ ಕತೆಗಳ ಬಗ್ಗೆ ಒಂದು ಅನುಮಾನ ಇರಬೇಕು.

ವಿಠ್ಠಲ ನಾಯಕನಾದ 1923ನೇ ಇಸವಿಯಲ್ಲಿಯೇ ಮುಂಬೈ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರ ನಿರ್ಣಯ ಅಂಗೀಕಾರವಾಯಿತು: ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು. ಅದು ಕಾಗದದಲ್ಲಿಯೇ ಉಳಿಯಿತು. ವಿಠ್ಠಲನ ತಂಡ 1926ರ ಕಪ್ಪು ಗೆದ್ದ ಮರುವರ್ಷ, 1927ರ ಮಾರ್ಚ್ 20ರಂದು, ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆಮೇಲೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಜನರ ಮೇಲೆ ದೊಣ್ಣೆಗಳು ಬಿದ್ದವು, ಕೆರೆಯ ನೀರನ್ನು ‘ಶುದ್ಧಿ’ ಮಾಡಲಾಯಿತು.

ಒಂದೇ ಪ್ರಾಂತ, ಹೆಚ್ಚುಕಡಿಮೆ ಒಂದೇ ಕಾಲ. ಮುಂಬೈಯ ಮೈದಾನದಲ್ಲಿ ಚಮ್ಮಾರನೊಬ್ಬ ಸವರ್ಣರ ಹೆಗಲೇರುತ್ತಾನೆ. ಮಹಾಡಿನಲ್ಲಿ ಎಮ್ಮೆ ದನ ಕುಡಿಯುವ ನೀರನ್ನು ಮುಟ್ಟಿದ್ದಕ್ಕೆ ತಲೆ ಒಡೆಯುತ್ತದೆ. ಒಬ್ಬನಿಗೆ ಸಿಕ್ಕ ಕಪ್ಪು ಎಲ್ಲರ ಕೆರೆಯಾಗಲಿಲ್ಲ. ಕ್ಲಬ್ಬು ಒಬ್ಬನನ್ನು ಒಳಗೆ ಬಿಟ್ಟುಕೊಳ್ಳುವುದು ಅವನ ಪ್ರತಿಭೆ ಅದಕ್ಕೆ ಬೇಕಾಗಿರುವುದರಿಂದ. ಬೇಕಾಗದವರ ವಿಷಯದಲ್ಲಿ ಅದು ಏನನ್ನೂ ಒಪ್ಪಿಕೊಂಡಿರುವುದಿಲ್ಲ. ಬಾಗಿಲು ತೆರೆದವನ ಕೈಯಲ್ಲೇ ಅಗುಳಿ ಇರುತ್ತದೆ.

ಬಾಳೂ ಮತ್ತು ಅಂಬೇಡ್ಕರ್ ಬೇರೆಯಾದದ್ದು ಈ ಜಾಗದಲ್ಲಿ ಎಂದು ನನಗೆ ಅನ್ನಿಸುತ್ತದೆ. ಯುವಕ ಅಂಬೇಡ್ಕರರಿಗೆ ಬಾಳೂ ಮೆಚ್ಚಿನ ವೀರನಾಗಿದ್ದ. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಬಾಳೂ ಎಂ. ಸಿ. ರಾಜಾ ಅವರ ಜೊತೆಗೆ, ಜಂಟಿ ಮತಕ್ಷೇತ್ರದ ಕಡೆಗೆ ನಿಂತ. ಆ ಸೆಪ್ಟೆಂಬರಿನ ಪೂನಾ ಒಪ್ಪಂದದಲ್ಲಿ ಅವನ ಸಹಿಯೂ ಇದೆ. 1935ರಲ್ಲಿ ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದಾಗ ಬಾಳೂ ಮತಾಂತರವನ್ನು ವಿರೋಧಿಸಿದ. 1937ರ ಮುಂಬೈ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನು ಅಂಬೇಡ್ಕರರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂವಿಗೆ 11,225. ನಾಯಕತ್ವ ಕೊಡಲು ವರ್ಷಗಟ್ಟಲೆ ಮೀನಮೇಷ ಎಣಿಸಿದ ಸವರ್ಣ ಸಮಾಜಕ್ಕೆ ಅಂಬೇಡ್ಕರರನ್ನು ಎದುರಿಸುವ ಹೊತ್ತಿಗೆ ಬಾಳೂ ತಟ್ಟನೆ ನಾಯಕನಾಗಿ ಕಂಡ!

ಇದಕ್ಕಾಗಿ ನಮ್ಮ ಗೆಳೆಯರಲ್ಲಿ ಕೆಲವರು ಬಾಳೂವಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಬಾಳೂವಿನ ರಾಜಕಾರಣವನ್ನು ನಾನು ಒಪ್ಪುವುದಿಲ್ಲ. ಒಪ್ಪದೆಯೂ ಅದನ್ನು ಅವನ ಮೈಯ ಅನುಭವದಿಂದ ಅರ್ಥ ಮಾಡಿಕೊಳ್ಳಬಹುದು. ಮಣ್ಣಿನ ಕುಡಿಕೆಯಿಂದ ಪಿಂಗಾಣಿ ಕಪ್ಪಿನವರೆಗಿನ ದಾರಿಯನ್ನು ಅವನು ತನ್ನ ಎಡಗೈಯಿಂದ ಗೆದ್ದುಕೊಂಡಿದ್ದ. ಸಮಾಜ ನಿಧಾನವಾಗಿಯಾದರೂ ಬದಲಾಗುತ್ತದೆ ಎನ್ನುವುದು ಅವನಿಗೆ ಸಿದ್ಧಾಂತವಲ್ಲ, ಆತ್ಮಕತೆ. ಅಂಬೇಡ್ಕರರ ಆತ್ಮಕತೆ ಬೇರೆ. ವಿದೇಶದ ಪದವಿ ಹೊತ್ತು ಬಂದರೂ ಬರೋಡಾದಲ್ಲಿ ತಲೆಯ ಮೇಲೊಂದು ಸೂರು ಸಿಗಲಿಲ್ಲ. ಒಬ್ಬರಿಗೆ ಬಾಗಿಲು ತೆರೆದಂತೆ ಕಂಡಿತು, ಇನ್ನೊಬ್ಬರು ಬಾಗಿಲನ್ನು ಇಟ್ಟ ಗೋಡೆಯನ್ನು ಕಂಡರು. ಚರಿತ್ರೆ ಎರಡನೆಯವರ ನೋಟವನ್ನು ಸರಿಯೆಂದಿತು. ಆದರೆ ಮೊದಲನೆಯವನನ್ನು ದ್ರೋಹಿ ಎಂದು ಪಟ್ಟಿಯಿಂದ ತೆಗೆದುಹಾಕಿದರೆ, ಫೋಟೋದಿಂದ ಕಾಕಾನನ್ನು ಹೊರಗಿಟ್ಟವರಿಗೂ ನಮಗೂ ಏನು ವ್ಯತ್ಯಾಸ?

ಬಾಳೂ 1955ರ ಜುಲೈಯಲ್ಲಿ ತೀರಿಕೊಂಡ. ತನ್ನ ಕತೆಯನ್ನು ಪುಸ್ತಕವಾಗಿ ಬರೆಯಲಿಲ್ಲ. ತಮ್ಮ ವಿಠ್ಠಲ 1948ರಲ್ಲಿ ಮರಾಠಿಯಲ್ಲಿ ತನ್ನ ಕ್ರೀಡಾ ಜೀವನವನ್ನು ಬರೆದ. ಇಂಗ್ಲಿಷ್ ಓದುಗರಿಗೆ ಬಾಳೂ ದೊಡ್ಡದಾಗಿ ಪರಿಚಯವಾದದ್ದು 2002ರಲ್ಲಿ, ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಮೂಲಕ. ಧಾರವಾಡದಲ್ಲಿ ಹುಟ್ಟಿದವನ ಕತೆ ಧಾರವಾಡದ ಹುಡುಗರಿಗೆ ತಲುಪಲು ಇಷ್ಟು ಸುತ್ತು ಹೊಡೆಯಬೇಕಾಯಿತು.

5

ಮತ್ತೆ ನಮ್ಮ ಕ್ಲಬ್ಬಿಗೆ ಬರುತ್ತೇನೆ. ನಾನು ಬರೆದುಕೊಟ್ಟ ಒಂದೂವರೆ ಪುಟದಲ್ಲಿಯೂ ಒಂದು ಕೊರತೆ ಇತ್ತು, ಅದು ನನಗೆ ಹೊಳೆದದ್ದು ಆಮೇಲೆ. ಸುಣ್ಣ ಜರಡಿ ಹಿಡಿದ ಚಿಗವ್ವನಿಗೆ ಒಂದೇ ಸಾಲು ಕೊಟ್ಟಿದ್ದೆ. ‘ಗಂಡಸರ ಕ್ಲಬ್ಬು’ ಎಂಬ ಬೋರ್ಡು ನನಗೆ ವಿಚಿತ್ರವಾಗಿ ಕಂಡಿರಲೇ ಇಲ್ಲ. ಹ್ಯಾಂಡ್‌ಬಾಲಿನ ಚರಿತ್ರೆ ಓದಿದಾಗ ನಾಚಿಕೆಯಾಯಿತು. 1917ರಲ್ಲಿ ಬರ್ಲಿನ್ನಿನಲ್ಲಿ ಮಾಕ್ಸ್ ಹೈಸರ್ ಎಂಬಾತ ಈ ಆಟದ ನಿಯಮಗಳನ್ನು ಬರೆದದ್ದು ಹೆಂಗಸರಿಗಾಗಿ. ಎರಡು ವರ್ಷದ ನಂತರ ಕಾರ್ಲ್ ಶೆಲೆಂಜ್ ಅದನ್ನು ಮೈಗೆ ಮೈ ತಾಗುವ ಗಂಡಸರ ಆಟವನ್ನಾಗಿ ತಿದ್ದಿದ. ಒಲಿಂಪಿಕ್ಸಿನಲ್ಲಿ ಗಂಡಸರು ಹ್ಯಾಂಡ್‌ಬಾಲ್ ಆಡಿದ್ದು 1936ರಲ್ಲಿ. ಹೆಂಗಸರ ಸರದಿ ಬಂದದ್ದು 1976ರಲ್ಲಿ. ತಮಗಾಗಿ ಹುಟ್ಟಿದ ಆಟದೊಳಗೆ ಬರಲು ನಲವತ್ತು ವರ್ಷ ಹೆಚ್ಚು ಕಾದರು. ಹೊರಗಿಟ್ಟವರ ಚರಿತ್ರೆ ಬರೆಯುತ್ತೇನೆಂದು ಕೂತವನು ಇನ್ನೊಬ್ಬರನ್ನು ಹೊರಗಿಡುವುದು ಎಷ್ಟು ಸಲೀಸು!

ಹಾಗಾದರೆ ಒಂದು ಕ್ಲಬ್ಬಿನ ಚರಿತ್ರೆಯನ್ನು ಹೇಗೆ ಬರೆಯಬೇಕು? ನನ್ನ ಮಟ್ಟಿಗೆ ಕಪಾಟಿನಿಂದ ಅಲ್ಲ, ನೆಲದಿಂದ ಶುರುಮಾಡಬೇಕು. ಮೈದಾನ ಯಾರ ಜಮೀನು, ಹದ ಮಾಡಿದವರು ಯಾರು, ಗೆರೆ ಎಳೆದವರು ಯಾರು, ಕೂಲಿ ಎಷ್ಟು, ನೀರು ಯಾವ ಬಾವಿಯದು, ಚಹಾ ಎಲ್ಲಿ ಕುಡಿದರು, ಫೋಟೋ ತೆಗೆಯುವಾಗ ಯಾರಿಗೆ ‘ಸ್ವಲ್ಪ ಆ ಕಡಿ ಸರಿ’ ಎಂದರು. ಇವು ಆಟದ ಹೊರಗಿನ ಪ್ರಶ್ನೆಗಳಲ್ಲ. ಆ ಗೆರೆ ಇಲ್ಲದಿದ್ದರೆ ಗೋಲು ಗೋಲಲ್ಲ, ಫೌಲು ಫೌಲಲ್ಲ.

ಹ್ಯಾಂಡ್‌ಬಾಲ್ ಕೈಯ ಆಟ, ಮುಟ್ಟುವ ಆಟ. ಏಳೇಳು ಜನ ಒಬ್ಬರನ್ನೊಬ್ಬರು ತಡೆದು, ನೂಕಿ, ಬೆವರಿಗೆ ಬೆವರು ಹತ್ತಿಸಿಕೊಳ್ಳುತ್ತಾರೆ. ನಮ್ಮ ಕೇರಿಯ ಎರಡು ಮೂರು ಹುಡುಗರು ಮುಂದೆ ಆ ತಂಡದಲ್ಲಿ ಆಡಿದರು, ನಾನೂ ಒಂದು ವರ್ಷ ಬೆಂಚಿನಲ್ಲಿ ಕೂತೆ. ಅಷ್ಟರ ಮಟ್ಟಿಗೆ ಆಟ ನಮ್ಮನ್ನು ಮುಟ್ಟಿಸಿಕೊಂಡಿತು, ಅದನ್ನು ಇಲ್ಲವೆನ್ನಲಾರೆ. ಆ ಮುಟ್ಟುವಿಕೆ ಅರವತ್ತು ನಿಮಿಷದ್ದೋ, ಅದರಾಚೆಗೂ ಇದೆಯೋ ಎಂಬುದಷ್ಟೇ ಪ್ರಶ್ನೆ.

ಸಂಚಿಕೆ ಬಂದ ಮೇಲೆ ಒಂದು ಪ್ರತಿ ಹಿಡಿದುಕೊಂಡು ಕಾಕಾನ ಮನೆಗೆ ಹೋಗಿದ್ದೆ. ಕಣ್ಣು ಮಸುಕಾಗಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ‘ನಿನ್ನ ಬಗ್ಗೆ ಬರದಿದ್ದೆ ಕಾಕಾ, ತಗದುಬಿಟ್ಟಾರ’ ಎಂದೆ. ಅವನು ಪುಟಗಳನ್ನು ಬೆರಳಿನಿಂದ ಸವರಿದ. ‘ನನ್ನ ಹೆಸರು ಯಾಕಪಾ ತಮ್ಮಾ, ಅದೇನ್ ಕಪ್ ಗೆದ್ದೈತೇನು’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಗೆರಿ ಮಾತ್ರ ಒಂದ್ ದಿನಾನೂ ಸೊಟ್ಟ ಆಗಿಲ್ಲ ನೋಡು’ ಎಂದ. ಚಿಗವ್ವ ಒಳಗಿನಿಂದ, ‘ಸುಣ್ಣ ಸಣ್ಣಗ ಇದ್ದರ ಗೆರಿ ಸೀದಾ ಬರತಿತ್ತು, ಅದನ್ನ ಹೇಳೂದಿಲ್ಲ ಈ ಮುದಕ’ ಎಂದಳು.

ಅವರಿಬ್ಬರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದು ಮೊದಲು ಆ ಕ್ಲಬ್ಬಿನ ಗೋಡೆಯ ಮೇಲೆ ಬರಬೇಕು. ಹಾಗೆಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ. ‘ನೋಡೂಣು’ ಎಂದಿದ್ದಾರೆ. ಪ್ರತಿ ವರ್ಷ ಪಂದ್ಯಾವಳಿಯ ದಿನ ಹೋಗಿ ಮತ್ತೆ ಕೇಳುತ್ತೇನೆ. ಮಳೆಗೆ ಅಳಿಸಿದ ಗೆರೆಯನ್ನು ಮತ್ತೆ ಮತ್ತೆ ಎಳೆಯುವುದನ್ನು ನನಗೆ ಕಲಿಸಿದವರು ಅವರೇ.